ಅತ್ತೆಯವರ ಲೋಹಪರೀಕ್ಷೆ

ಅತ್ತೆಯವರ ಕೊರಳಿನ ಲಿಂಗದ ಕರಡಿಗೆ ಕಿತ್ತುಕೊಂಡು ಹಾರಿಹೋಗಿ ಎಂ.ಆರ್.ಐ. ಯಂತ್ರದ ಬಾಯಿಗೆ ಅಂಟಿಕೊಳ್ಳಬಹುದಿತ್ತು. ಶಿವದಾರ ಗಟ್ಟಿಯಾಗಿದ್ದರೆ ಅತ್ತೆಯವರೂ ಅದರ ಹಿಂದೆಯೇ ಹೋಗಬಹುದಿತ್ತು. ಅವರ ಕಾಲಿನೊಳಗಿನ ಪ್ಲೇಟು ಬಿಸಿಯಾಗಬಹುದಿತ್ತು. ಅದನ್ನು ಬಿಗಿದ ಸ್ಕ್ರೂಗಳಲ್ಲಿ ಒಂದು, ಒಂದೇ ಒಂದು, ಬೇರೆ ಸ್ಟೀಲಿನದಾಗಿದ್ದು, ಅದೊಂದೇ ಹೊರಗೆ ಬರಲು ತಿರುಗಬಹುದಿತ್ತು. ಮೂಗುತಿಯ ತಿರುಪು ಚಿನ್ನದ್ದಲ್ಲದೆ ಇರಬಹುದಿತ್ತು. ರವಿಕೆಯಲ್ಲಿ ಯಾರಿಗೂ ಹೇಳದೆ ಸಿಕ್ಕಿಸಿಕೊಂಡ ಪಿನ್ನು ಇರಬಹುದಿತ್ತು. ನಮ್ಮ ಕಡೆಯ ಹೆಂಗಸರ ಮೈಮೇಲೆ ಎಲ್ಲೋ ಒಂದು ಕಡೆ ಪಿನ್ನು ಇಲ್ಲದ ದಿನವನ್ನು ನಾನು ಕಂಡಿಲ್ಲ. ಅತ್ತೆಯವರು ಒಳಗಿರುವಾಗ ಕರೆಂಟು ಹೋಗಬಹುದಿತ್ತು. ಕರೆಂಟು ಇದ್ದೂ ಭಯಕ್ಕೆ ಬಿ.ಪಿ. ಏರಬಹುದಿತ್ತು, ಅವರದಲ್ಲ, ನನ್ನದು. ಎಲ್ಲಕ್ಕಿಂತ ಹೆಚ್ಚಾಗಿ, ಸ್ಕ್ಯಾನಿಂಗ್ ಕೋಣೆಯ ಬಾಗಿಲವರೆಗೂ ಬಂದು, ಚಪ್ಪಲಿ ಬಿಟ್ಟು, ಒಂದು ಕ್ಷಣ ನಿಂತು, "ನಂಗ್ ಬ್ಯಾಡ, ನಡೀರಿ ಮನೆಗೆ" ಎಂದು ಅತ್ತೆಯವರು ವಾಪಸು ಗುಬ್ಬಿ ಬಸ್ಸು ಹತ್ತಬಹುದಿತ್ತು.

ಇದನ್ನೆಲ್ಲ ನಾನು ಎಲ್ಲೂ ಬರೆದಿಟ್ಟುಕೊಂಡಿರಲಿಲ್ಲ. ಅಗತ್ಯವೇ ಬೀಳಲಿಲ್ಲ, ಬಾಯಿಪಾಠವಾಗಿತ್ತು. ಬೆಳಿಗ್ಗೆ ಹಲ್ಲುಜ್ಜುವಾಗ ಅರ್ಧ, ಸ್ಕೂಟರಿನಲ್ಲಿ ಕಾರ್ಖಾನೆಗೆ ಹೋಗುವಾಗ ಉಳಿದರ್ಧ.

ಕಾರ್ಖಾನೆ ಇರುವುದು ತುಮಕೂರಿನ ಹೊರಗೆ, ಕೈಗಾರಿಕಾ ಪ್ರದೇಶದಲ್ಲಿ. ರಾಸಾಯನಿಕ ಕಾರ್ಖಾನೆಗಳಿಗೆ ಬೇಕಾದ ವಾಲ್ವು, ಪಂಪಿನ ಭಾಗಗಳನ್ನು ಮಾಡುತ್ತೇವೆ. ಅಲ್ಲಿ ಮಾಮೂಲಿ ಕಬ್ಬಿಣ ನಡೆಯುವುದಿಲ್ಲ. ಆಸಿಡ್ ಹರಿಯುವ ಕಡೆ ನಿಕ್ಕಲ್ ಹೆಚ್ಚಿರುವ ಮಿಶ್ರಲೋಹ ಬೇಕು. ಕೆಂಪಗೆ ಕಾದರೂ ಮೆತ್ತಗಾಗದೆ, ಎಷ್ಟು ಉಜ್ಜಿದರೂ ಸವೆಯದೆ ಇರಬೇಕಾದ ಕಡೆ ಕೋಬಾಲ್ಟಿನದು ಬೇಕು. ಉಪ್ಪುನೀರಿಗೆ ಟೈಟಾನಿಯಂ. ಕಣ್ಣಿಗೆ ಎಲ್ಲವೂ ಒಂದೇ ಥರ, ಬೂದಿಬಣ್ಣದ ಸರಳುಗಳು. ಎತ್ತಿ ನೋಡಿದರೆ ಟೈಟಾನಿಯಂ ಒಂದು ಮಾತ್ರ ಊಟ ಬಿಟ್ಟವರ ಹಾಗೆ ಹಗುರ. ಉಳಿದವು ತಮ್ಮ ಗುಟ್ಟು ಬಿಟ್ಟುಕೊಡುವುದಿಲ್ಲ. ಹೊರಗಿನಿಂದ ಬಂದ ಸರಳು ಹೇಳಿದ ಲೋಹದ್ದೇ ಹೌದೋ ಅಲ್ಲವೋ ಎಂದು ನೋಡುವುದು ನನ್ನ ಕೆಲಸ. ಅಂದರೆ, ಅನುಮಾನ ಪಡುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. ತೊಂದರೆ ಏನೆಂದರೆ, ಸಂಜೆ ಶಿಫ್ಟು ಮುಗಿದ ಮೇಲೆ ಈ ಗುಣವನ್ನು ಕಳಚಿ ಲಾಕರಿನಲ್ಲಿ ಇಟ್ಟು ಬರಲು ಆಗುವುದಿಲ್ಲ. ಪಾತ್ರೆ ಅಂಗಡಿಯಲ್ಲಿ ಜೇಬಿನಿಂದ ಮ್ಯಾಗ್ನೆಟ್ ತೆಗೆದು ಒಂದೊಂದು ಡಬರಿಗೂ ಹಿಡಿದು ನೋಡುವವನು ನಾನು. ಆಗ ನನ್ನ ಹೆಂಡತಿ ಪಕ್ಕದ ಅಂಗಡಿಗೆ ಹೋಗಿ ಬೇರೆ ಯಾರದೋ ಹೆಂಡತಿಯ ಹಾಗೆ ನಿಂತಿರುತ್ತಾಳೆ.

ಅತ್ತೆಯವರು, ಎಂದರೆ ನನ್ನ ಹೆಂಡತಿಯ ತಾಯಿ, ಗುಬ್ಬಿಯಲ್ಲಿ ಮಗನ ಜೊತೆ ಇದ್ದಾರೆ. ಭಾವಮೈದನದು ಕೊಬ್ಬರಿ ವ್ಯಾಪಾರ. ವಯಸ್ಸಾಗಿದ್ದರೂ ಅತ್ತೆಯವರು ದಿನಾ ಅಂಗಡಿಗೆ ಬಂದು ಕೂರುತ್ತಾರೆ; ಒಣಗಿದ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಕೊಬ್ಬರಿ ಉಂಡೆ ಚಿಪ್ಪಿನಿಂದ ಬಿಟ್ಟುಕೊಂಡಿದೆಯೋ ಇಲ್ಲವೋ ಹೇಳುತ್ತಾರೆ. ಆ ಕಾಯಿ ಎಡಗೈಯಿಂದ ಜಾರಿ ಬೀಳಲು ಶುರುವಾದಾಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಬೆರಳು ಜೋಮು ಹಿಡಿಯುತ್ತದೆ ಎಂದರು, ಎಣ್ಣೆ ಹಚ್ಚಿಕೊಂಡರು. ಆಮೇಲೆ ಒಂದು ಬೆಳಿಗ್ಗೆ ಪೂಜೆಗೆ ಕೂತಾಗ ಲಿಂಗವೇ ಜಾರಿತು.

ಇಷ್ಟಲಿಂಗವನ್ನು ಎಡ ಅಂಗೈಯ ಮೇಲೆ ಇಟ್ಟುಕೊಂಡು ಬಲಗೈಯಲ್ಲಿ ವಿಭೂತಿ, ಹೂವು, ಪತ್ರೆ ಏರಿಸುತ್ತಾರೆ. ಅಂಗೈಯೇ ಪೀಠ. ಆ ಪೀಠ ಅವರಿಗೆ ಗೊತ್ತಿಲ್ಲದ ಹಾಗೆ ಓರೆಯಾಗಿತ್ತು. ಲಿಂಗ ಮಡಿಲಿಗೆ ಬಿತ್ತು, ನೆಲಕ್ಕೆ ಬೀಳಲಿಲ್ಲ. ಆದರೆ ಅತ್ತೆಯವರು ಅವತ್ತು ಊಟ ಮಾಡಲಿಲ್ಲ. ಮರುದಿನದಿಂದ ಮಡಿಲಲ್ಲಿ ಮಡಿಚಿದ ಶಾಲು ಹಾಸಿಕೊಂಡು, ಎಡಗೈ ಕೆಳಗೆ ಬಲಗೈ ಆನಿಸಿಕೊಂಡು ಕೂತರು. ಎರಡೂ ಕೈ ಹಿಡಿಯುವುದಕ್ಕೇ ಹೋದ ಮೇಲೆ ಪೂಜೆ ಮಾಡಲು ಕೈ ಉಳಿಯಲಿಲ್ಲ. ಸೊಸೆ ಪಕ್ಕದಲ್ಲಿ ಕೂತು ಹೂವು ಏರಿಸಬೇಕಾಯಿತು. "ನನ್ ಪೂಜೆನ ಇನ್ನೊಬ್ರು ಮಾಡೋ ಹಂಗಾಯ್ತಲ್ಲ" ಎಂದು ಮಗಳ ಹತ್ತಿರ ಫೋನಿನಲ್ಲಿ ಅತ್ತರಂತೆ. ನನ್ನ ಹತ್ತಿರ ಹೇಳಲಿಲ್ಲ. ನನ್ನ ಹತ್ತಿರ ಹೇಳಿದರೆ ಏನಾಗುತ್ತದೆ ಎಂದು ಅವರಿಗೆ ಅನುಭವವಿದೆ.

ತುಮಕೂರಿನ ಡಾಕ್ಟರು ಸೂಜಿ ಚುಚ್ಚಿ, ಸುತ್ತಿಗೆಯಲ್ಲಿ ತಟ್ಟಿ ನೋಡಿ, ತೊಂದರೆ ಕೈಯಲ್ಲಿಲ್ಲ, ಕತ್ತಿನಲ್ಲಿ ನರ ಒತ್ತಿಕೊಂಡಿದೆ ಎಂದರು. ಎಲ್ಲಿ, ಎಷ್ಟು ಎಂದು ನೋಡಲು ಎಂ.ಆರ್.ಐ. ಆಗಬೇಕು.

"ಮೈ ಮೇಲೆ ಮೆಟಲ್ ಯಾವ್ದೂ ಇರ್ಬಾರ್ದು ಅಮ್ಮ. ಕತ್ತಲ್ಲಿರೋದು ತೆಗ್ದಿಡಬೇಕಾಗುತ್ತೆ."

ಅತ್ತೆಯವರ ಬಲಗೈ ಸೆರಗಿನೊಳಗೆ ಹೋಗಿ ಕರಡಿಗೆಯನ್ನು ಹಿಡಿಯಿತು. ಲಿಂಗವನ್ನು ಇಡುವ ಬೆಳ್ಳಿಯ ಪುಟ್ಟ ಡಬ್ಬಿ ಅದು. "ಇದನ್ನ ತೆಗ್ಯಾಕಾಗಲ್ಲ ಸ್ವಾಮಿ. ದೀಕ್ಷೆ ಆದಾಗಿಂದ ಮೈ ಬುಟ್ಟಿಲ್ಲ ಇದು."

"ಹಾಗಾದ್ರೆ ಸ್ಕ್ಯಾನ್ ಕಷ್ಟ."

"ಹಂಗಾರೆ ಬ್ಯಾಡ ಬುಡಿ."

"ಅಮ್ಮ, ಹೀಗೇ ಬಿಟ್ರೆ ಕೈ ಬಲ ವಾಪಸ್ ಬರದೇ ಹೋಗ್ಬಹುದು."

ಲಿಂಗ ಹಿಡಿಯುವ ಕೈ ಉಳಿಯಬೇಕಾದರೆ ಲಿಂಗ ತೆಗೆಯಬೇಕು. ಲಿಂಗ ತೆಗೆಯುವುದಿಲ್ಲ ಎಂದರೆ ಹಿಡಿಯಲು ಕೈ ಇರುವುದಿಲ್ಲ. ಅಂಥ ಹೊತ್ತಿನಲ್ಲಿ ಬುದ್ಧಿ ಇರುವ ಅಳಿಯ ಸ್ಕ್ಯಾನಿಂಗ್ ಸೆಂಟರಿಗೆ ಒಂದು ಫೋನು ಮಾಡಿ, ಇಂಥವರು ಬಂದರೆ ನೀವು ಏನು ಮಾಡುತ್ತೀರಿ ಎಂದು ಕೇಳುತ್ತಿದ್ದ. ನಾನು ಕೇಳಲಿಲ್ಲ. ನಾನು ಲೋಹದವನು. ನನ್ನ ತಲೆಯಲ್ಲಿ ಆಗಲೇ ಬೇರೆ ಪ್ರಶ್ನೆ ಎದ್ದಿತ್ತು: ಕರಡಿಗೆ ಬೆಳ್ಳಿಯದ್ದೇ ಆದರೆ ಯಂತ್ರದೊಳಗಿನ ಮ್ಯಾಗ್ನೆಟ್ ಅದನ್ನು ಎಳೆಯುವುದಿಲ್ಲವಲ್ಲ? ಹಾಗೆ ಅಂದುಕೊಂಡು ಸಮಾಧಾನವಾಗುವ ಮೊದಲೇ ಇನ್ನೊಂದು ಎದ್ದಿತು. ಕಾಲಿನ ಪ್ಲೇಟು?

ಕೆಲವು ವರ್ಷಗಳ ಹಿಂದೆ ಅತ್ತೆಯವರು ಕುಣಿಗಲ್ಲಿನಲ್ಲಿ ಕಿರಿ ಮಗಳ ಮನೆಯ ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದರು. ಅಲ್ಲೇ ಪ್ಲೇಟು ಹಾಕಿದ್ದರು. ಯಾವ ಲೋಹದ ಪ್ಲೇಟು? ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. "ಸ್ಟೀಲು" ಎಂದ ಭಾವಮೈದ. ಸ್ಟೀಲು ಎಂದರೆ ಏನು ಹೇಳಿದ ಹಾಗಾಯಿತು? ಅದು ದೊಡ್ಡ ಮನೆತನದ ಹೆಸರು. ಒಳಗೆ ಒಬ್ಬೊಬ್ಬರ ಸ್ವಭಾವ ಒಂದೊಂದು. ಬರೀ ಕ್ರೋಮಿಯಂ ಬೆರೆಸಿದ್ದು ತುಕ್ಕು ಹಿಡಿಯುವುದಿಲ್ಲ, ಆದರೆ ಮ್ಯಾಗ್ನೆಟ್ಟಿಗೆ ಅಂಟುತ್ತದೆ. ಅದಕ್ಕೆ ಸಾಕಷ್ಟು ನಿಕ್ಕಲ್ ಸೇರಿಸಿದರೆ, ಮೂರರಲ್ಲಿ ಎರಡು ಪಾಲು ಕಬ್ಬಿಣವೇ ಇದ್ದರೂ ಮ್ಯಾಗ್ನೆಟ್ಟಿಗೆ ಸೊಪ್ಪು ಹಾಕುವುದಿಲ್ಲ. ಮೂಳೆಗೆ ಹಾಕುವುದು ಈ ಎರಡನೆಯ ಬಗೆಯದು, ಅದರ ಜೊತೆ ಮೈಯ ಉಪ್ಪಿಗೆ ಕೊರೆಯದಿರಲೆಂದು ಒಂದಿಷ್ಟು ಮಾಲಿಬ್ಡಿನಂ. ಇಷ್ಟು ಗೊತ್ತಿದ್ದವನು ನೆಮ್ಮದಿಯಾಗಿರಬೇಕು. ಆದರೆ ನನಗೆ ಇನ್ನೂ ಒಂದು ಗೊತ್ತಿತ್ತು: ಈ ಜಾತಿಯ ಸ್ಟೀಲನ್ನು ತಣ್ಣಗಿರುವಾಗಲೇ ಬಗ್ಗಿಸಿದರೆ, ಬಡಿದರೆ, ಬಗ್ಗಿದ ಕಡೆ ಕೆಲವು ಸಲ ಅದಕ್ಕೆ ಮ್ಯಾಗ್ನೆಟ್ಟಿನ ಗುಣ ಸ್ವಲ್ಪ ಬರುತ್ತದೆ. ಒಳ್ಳೆಯ ಡಬರಿಯ ತಳದ ಅಂಚಿಗೆ ಮ್ಯಾಗ್ನೆಟ್ ಹಿಡಿದು ನೋಡಿ, ಮೆಲ್ಲಗೆ ಹಿಡಿದುಕೊಳ್ಳುತ್ತದೆ. ಮೂಳೆಯ ಆಕಾರಕ್ಕೆ ಕೂರಲೆಂದು ಡಾಕ್ಟರು ಪ್ಲೇಟನ್ನು ಬಗ್ಗಿಸಿಯೇ ಇರುತ್ತಾರೆ. ಎಷ್ಟು ಬಗ್ಗಿಸಿದರು?

ಅತ್ತೆಯವರು ನಮ್ಮ ಮನೆಯಲ್ಲಿ ಉಳಿದುಕೊಂಡಿದ್ದರು. ಮಧ್ಯಾಹ್ನ ಊಟವಾಗಿ ಹಾಲಿನಲ್ಲಿ ಚಾಪೆಯ ಮೇಲೆ ಮಲಗಿದ್ದರು. ನಾನು ಸದ್ದಿಲ್ಲದೆ ಹೋಗಿ, ಅವರ ಕಾಲಿನ ಬಳಿ ಮಂಡಿಯೂರಿ, ಮ್ಯಾಗ್ನೆಟ್ಟನ್ನು ದಾರದಲ್ಲಿ ಕಟ್ಟಿ ಮೊಣಕಾಲಿನ ಕೆಳಗೆ ಇಳಿಬಿಟ್ಟು ನೋಡುತ್ತಿದ್ದೆ. ಅದು ಸುಮ್ಮನೆ ತೂಗಾಡಿತು. ಫ್ಯಾನಿನ ಗಾಳಿಗೋ, ನನ್ನ ಕೈ ನಡುಕಕ್ಕೋ, ಪ್ಲೇಟಿಗೋ ತಿಳಿಯಲಿಲ್ಲ. ಇನ್ನಷ್ಟು ಬಗ್ಗಿದೆ. ಅಷ್ಟರಲ್ಲಿ ಅತ್ತೆಯವರು ಕಣ್ಣು ಬಿಟ್ಟರು.

"ಇದೇನ್ ಅಳಿಯಂದ್ರೇ, ಇವತ್ ಹಬ್ಬನಾ?"

ಮ್ಯಾಗ್ನೆಟ್ಟನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಅವರ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಬೇರೆ ದಾರಿ ಇರಲಿಲ್ಲ.

"ಒಳ್ಳೇದಾಗ್ಲಪ್ಪ" ಎಂದು ಹರಸಿ ಪಕ್ಕಕ್ಕೆ ತಿರುಗಿಕೊಂಡರು. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ನಗು ತಡೆಯಲಾರದೆ ಒಳಗೆ ಹೋಗಿ ನಲ್ಲಿ ತಿರುಗಿಸಿದಳು.

ಮಾರನೆಯ ದಿನ ರಜೆ ಹಾಕಿ ಕುಣಿಗಲ್ ಬಸ್ಸು ಹತ್ತಿದೆ. ಆಪರೇಷನ್ ಮಾಡಿದ ಡಾಕ್ಟರು ಇನ್ನೂ ಅಲ್ಲೇ ಇದ್ದರು. ರೋಗಿಗಳ ಸಾಲಿನಲ್ಲಿ ಕೂತು, ನನ್ನ ಸರದಿ ಬಂದಾಗ ಒಳಗೆ ಹೋಗಿ ಅತ್ತೆಯವರ ಪ್ಲೇಟಿನ ಮಿಶ್ರಲೋಹ ಯಾವುದೆಂದು ಕೇಳಿದೆ.

"ಎಷ್ಟು ವರ್ಷ ಆಯ್ತು ಅದು? ಈಗ ವಾರಂಟಿ ಕೇಳೋಕ್ ಬಂದಿದೀರಾ?"

"ಇಲ್ಲ ಸಾರ್, ಸ್ಟೀಲೋ ಟೈಟಾನಿಯಮ್ಮೋ ಅಂತ. ಟೈಟಾನಿಯಂ ಆದ್ರೆ ಅಲ್ಯುಮಿನಿಯಂ, ವೆನೇಡಿಯಂ ಸೇರಿಸಿರೋದಾ ಅಂತ."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಸ್ಟೀಲೇ. ಮೂಳೆಗೆ ಹಾಕೋ ಸ್ಟೀಲು. ಎಂ.ಆರ್.ಐ.ಗೆ ತೊಂದರೆ ಇಲ್ಲ. ಅಲ್ಲಿಯವರಿಗೆ ಪ್ಲೇಟ್ ಇದೆ ಅಂತ ಹೇಳಿ, ಸಾಕು."

"ಬಗ್ಗಿಸಿದ್ರಾ ಸಾರ್?"

"ಏನನ್ನ?"

"ಪ್ಲೇಟನ್ನ. ಬಗ್ಗಿಸಿದ್ರೆ ಒಂದೊಂದ್ಸಲ ಮ್ಯಾಗ್ನೆಟಿಕ್..."

"ನೋಡಿ, ಬಗ್ಗಿಸಿದ್ದೂ ನಾನೇ, ಸ್ಕ್ರೂ ಹಾಕಿ ಬಿಗಿದಿದ್ದೂ ನಾನೇ. ಆ ಸ್ಟೀಲು ಅಷ್ಟಕ್ಕೆಲ್ಲ ಕೆಡಲ್ಲ. ಅದು ಎಲ್ಲೂ ಹೋಗಲ್ಲ. ನಿಮಗೆ ನಿದ್ದೆ ಬರ್ತಿದೆಯಾ?"

ನಿದ್ದೆಗೆ ಒಂದು ಮಾತ್ರೆ ಬರೆದುಕೊಡಲೇ ಎಂದೂ ಕೇಳಿದರು. ಅತ್ತೆಯವರ ಕಾಲಿನ ವಿಷಯ ಕೇಳಲು ಹೋದವನಿಗೆ ನನ್ನ ತಲೆಯ ಔಷಧ ಸಿಗುವುದರಲ್ಲಿತ್ತು. ಬೇಡವೆಂದು ಬಂದೆ.

ಉಳಿದದ್ದು ಕರಡಿಗೆ. ನಮ್ಮ ಲ್ಯಾಬಿನಲ್ಲಿ 'ಗನ್' ಎಂದು ಕರೆಯುವ ಒಂದು ಕೈಯಂತ್ರವಿದೆ. ಆಕಾರ ಬಂದೂಕಿನದ್ದೇ. ಲೋಹಕ್ಕೆ ಮೂತಿ ಇಟ್ಟು ಒತ್ತಿದರೆ ಎಕ್ಸ್‌ರೇ ಬಿಡುತ್ತದೆ. ಲೋಹ ಕೊಡುವ ಮರುಕಿರಣ ನೋಡಿ ಒಳಗೆ ಯಾವ ಧಾತು ಎಷ್ಟಿದೆ ಎಂದು ಪರದೆಯ ಮೇಲೆ ತೋರಿಸುತ್ತದೆ. ಅದನ್ನು ಮನೆಗೆ ತರುವ ಹಾಗಿಲ್ಲ. ಕರಡಿಗೆಯನ್ನು ಕಾರ್ಖಾನೆಗೆ ಒಯ್ಯೋಣವೆಂದರೆ ಅತ್ತೆಯವರಿಂದ ಅದನ್ನು ಬೇರೆ ಮಾಡುವ ಹಾಗಿಲ್ಲ. ಹಾಗಾಗಿ ಸಾಹೇಬರ ಹತ್ತಿರ ಒಪ್ಪಿಗೆ ಪಡೆದು, ಶನಿವಾರ ಊಟದ ವೇಳೆಯಲ್ಲಿ ಅತ್ತೆಯವರನ್ನೇ ಆಟೋದಲ್ಲಿ ಕರೆದೊಯ್ದೆ. ವಿಭೂತಿ ಧರಿಸಿ, ಗರಿಗರಿಯಾದ ಸೀರೆ ಉಟ್ಟು, ನಿಕ್ಕಲ್ ಸರಳುಗಳ ರಾಶಿಯ ಪಕ್ಕದ ಸ್ಟೂಲಿನ ಮೇಲೆ ಅವರು ಕೂತರು.

ಲ್ಯಾಬಿನಲ್ಲಿರುವ ನನ್ನ ಸಹೋದ್ಯೋಗಿ ಇಣುಕಿ ನೋಡಿ, "ಏನ್ ಸಾರ್, ಇನ್‌ಸ್ಪೆಕ್ಷನ್‌ಗೆ ಅತ್ತೆನೇ ಕರ್ಕೊಂಡ್ ಬಂದ್‌ಬಿಟ್ರಾ? ಪಾಸಾಗ್ಲಿಲ್ಲ ಅಂದ್ರೆ ಯಾರಿಗೆ ವಾಪಸ್ ಕಳಿಸ್ತೀರಾ?" ಎಂದ.

"ಮದ್ವೆ ಆಗಿ ಇಷ್ಟ್ ವರ್ಷ ಆಗೈತೆ, ಇನ್ನ್ ವಾಪಸ್ ತಗೊಳಾಕಿಲ್ಲ ಕಣಪ್ಪ" ಎಂದರು ಅತ್ತೆಯವರು, ನನಗಿಂತ ಮೊದಲು. ಅವರು ಹೇಳಿದ್ದು ತಮ್ಮ ಬಗ್ಗೆಯೋ ನನ್ನ ಬಗ್ಗೆಯೋ, ಕೇಳಲು ನನಗೆ ಧೈರ್ಯವಾಗಲಿಲ್ಲ.

ಗೋಡೆಯ ಕಡೆ ತಿರುಗಿ ಲಿಂಗವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಮುಷ್ಟಿಯಲ್ಲಿ ಹಿಡಿದುಕೊಂಡು, ಖಾಲಿ ಕರಡಿಗೆಯನ್ನು ಮಾತ್ರ ಕೊಟ್ಟರು. ಸ್ಟ್ಯಾಂಡಿನಲ್ಲಿಟ್ಟು ಗನ್ ಒತ್ತಿದೆವು. ಬೆಳ್ಳಿ ಬಂತು, ಜೊತೆಗೆ ತಾಮ್ರ ಬಂತು.

"ತಾಮ್ರನಾ?" ಅತ್ತೆಯವರ ದನಿ ಏರಿತು. "ನಮ್ಮಪ್ಪ ಮಾಡ್ಸಿಕೊಟ್ಟಿದ್ದು ಅದು. ಶುದ್ಧ ಬೆಳ್ಳಿ."

"ಶುದ್ಧ ಬೆಳ್ಳಿ ತುಂಬಾ ಮೆತ್ತಗೆ ಅತ್ತೆ. ಅದ್ರಲ್ಲೇ ಡಬ್ಬಿ ಮಾಡಿದ್ರೆ ಕೈಲಿ ಅಮುಕಿದ್ರೆ ನೆಗ್ಗೋಗುತ್ತೆ. ಗಟ್ಟಿ ಬರ್ಲಿ ಅಂತ ಸ್ವಲ್ಪ ತಾಮ್ರ ಹಾಕ್ತಾರೆ. ಎಲ್ರೂ ಹಾಕ್ತಾರೆ."

"ನಮ್ಮಪ್ಪ ಆಕ್ಸಿರಾಕಿಲ್ಲ."

ಕತ್ತಿನ ನರ ನೋಡಲು ಹೊರಟವನು ನಾನು ಅವರ ತವರಿನ ಮರ್ಯಾದೆಗೆ ಕೈ ಹಾಕಿದ್ದೆ. ಬೆವರು ಒರೆಸಿಕೊಳ್ಳುತ್ತ ಮುಚ್ಚಳದ ಕೀಲಿನ ಕಡೆ ಗನ್ ತಿರುಗಿಸಿದೆ. ಅಲ್ಲಿ ಕಬ್ಬಿಣ. ಹಳೆಯ ಕಡ್ಡಿ ಸವೆದಾಗ ಯಾರೋ ಸ್ಟೀಲಿನ ತುಂಡು ತಂತಿ ಹಾಕಿ ಮಡಿಚಿದ್ದರು.

"ಹೂಂ, ಅದ್ ನಿಜ" ಎಂದರು ಅತ್ತೆಯವರು. "ಗುಬ್ಬಿ ಸಂತೇಲಿ ರಿಪೇರಿ ಮಾಡ್ಸಿದ್ದೆ. ತಾಮ್ರ ಏನಾದ್ರೂ ಸೇರಿದ್ರೆ ಅವನೇ ಸೇರ್ಸಿರ್ತಾನೆ."

ಅಲ್ಲಿಗೆ ತವರು ಬಚಾವಾಯಿತು. ಕರಡಿಗೆ ಮಾತ್ರ ಯಂತ್ರದೊಳಗೆ ಹೋಗುವ ಹಾಗಿಲ್ಲ ಎಂದು ಖಾತ್ರಿಯಾಯಿತು. ಇನ್ನು ಬಟ್ಟೆಯಲ್ಲಿರುವ ಲಿಂಗ. ಒಳಗೆ ಕಲ್ಲು, ಮೇಲೆ ಕಪ್ಪು ಲೇಪ. ಆ ಲೇಪಕ್ಕೆ ಏನೇನು ಅರೆದು ಸೇರಿಸುತ್ತಾರೋ ನನಗೆ ತಿಳಿಯದು. ಗನ್ ನನ್ನ ಕೈಯಲ್ಲೇ ಇತ್ತು. ನಾನು ಬಾಯಿ ಬಿಟ್ಟು ಕೇಳಲಿಲ್ಲ, ಆ ಕಡೆ ಒಂದು ಸಲ ನೋಡಿದೆ ಅಷ್ಟೇ.

ಅತ್ತೆಯವರು ಎದ್ದು ನಿಂತರು. "ಲಿಂಗಕ್ಕೆ ಬಂದೂಕ್ ಹಿಡೀತೀರಾ ಅಳಿಯಂದ್ರೇ?"

ಸಹೋದ್ಯೋಗಿ ಏನೋ ನೆನಪಾದವನಂತೆ ಹೊರಗೆ ಹೋದ. ಅತ್ತೆಯವರು ಕರಡಿಗೆ ಇಸಿದುಕೊಂಡು ಆಟೋದವರೆಗೆ ನನ್ನನ್ನು ಬಿಟ್ಟು ಒಬ್ಬರೇ ನಡೆದರು. ಸಂಜೆ ಗುಬ್ಬಿಗೆ ಹೊರಟೂ ಬಿಟ್ಟರು. ಸ್ಕ್ಯಾನೂ ಬೇಡ, ಏನೂ ಬೇಡ, ಇರುವಷ್ಟು ದಿನ ಸೊಸೆ ಕೈ ಆಸರೆಯಲ್ಲೇ ಪೂಜೆ ನಡೆಯಲಿ ಎಂದು ಮಗಳಿಗೆ ಹೇಳಿ ಹೋದರು. ನಾನು ಕುಣಿಗಲ್ಲಿಗೆ ಅಲೆದು, ರಜೆ ಕಳೆದು, ಯಂತ್ರ ಹಿಡಿದು ಸಾಧಿಸಿದ್ದು ಇಷ್ಟು: ಮೊದಲು ಅರ್ಧ ಮನಸ್ಸಿನಲ್ಲಿ ಬೇಡ ಎಂದವರು ಈಗ ಪೂರ್ತಿ ಮನಸ್ಸಿನಿಂದ ಬೇಡ ಎನ್ನುತ್ತಿದ್ದರು. ಅವತ್ತು ನನಗೆ ನಿಜವಾಗಿ ಹೆದರಿಕೆಯಾಯಿತು. ಅಷ್ಟು ದಿನ ಪಟ್ಟ ಹೆದರಿಕೆಯೆಲ್ಲ ಒಂದು ಥರದ ಹವ್ಯಾಸ, ಇದು ಬೇರೆ. ಆ ಕೈ ಹಾಗೇ ಹೋದರೆ ಅದರಲ್ಲಿ ನನ್ನ ಪಾಲು ಇರುತ್ತಿತ್ತು.

ನನ್ನ ಹೆಂಡತಿ ಬೈಯಲಿಲ್ಲ. ಸೋಮವಾರ ಬೆಳಿಗ್ಗೆ ಒಗ್ಗರಣೆ ಹಾಕುತ್ತಲೇ ಸ್ಕ್ಯಾನಿಂಗ್ ಸೆಂಟರಿಗೆ ಫೋನು ಮಾಡಿದಳು. ಈರುಳ್ಳಿ ಬಾಡುವಷ್ಟರಲ್ಲಿ ಮಾತು ಮುಗಿಯಿತು.

"ರೀ, ಇಂಥೋರು ದಿನಾ ಬರ್ತಾರಂತೆ. ಕರಡಿಗೆ ಮನೇಲಿಟ್ಟು, ಲಿಂಗನ ಬಟ್ಟೇಲಿ ಕಟ್ಕೊಂಡ್ ಬರ್ಬೇಕಂತೆ. ಕತ್ತಿನ ಸ್ಕ್ಯಾನ್ ಆದ್ರಿಂದ ಕತ್ತಲ್ಲಿ ಬೇಡ, ಬಲ ತೋಳಿಗೆ ಕಟ್ಕೊಳ್ಳಿ ಅಂದ್ರು. ಅಲ್ಲೊಂದ್ಸಲ ಮ್ಯಾಗ್ನೆಟ್ ಹತ್ರ ಹಿಡ್ದು ನೋಡ್ತಾರಂತೆ. ಪ್ಲೇಟ್ ವಿಷಯನೂ ಹೇಳ್ದೆ, ಪರ್ವಾಗಿಲ್ವಂತೆ."

"ಯಾವ ಗ್ರೇಡ್ ಅಂತ ಕೇಳಿದ್ರಾ?"

"ನಿಮ್ ಗ್ರೇಡ್ ಏನು ಅಂತ ಕೇಳ್ಲಿಲ್ಲ, ಸದ್ಯ."

ಅತ್ತೆಯವರಿಗೆ ಹೇಳಿದಾಗ, "ಇದನ್ನ ಮೊದ್ಲೇ ಏಳ್ಬಾರ್ದಾ? ತೋಳಿಗ್ ಕಟ್ಕೊಂಡ್ರೂ ಆಯ್ತದೆ, ಅಂಗೈಲಿದ್ರೂ ಆಯ್ತದೆ, ಮೈ ಬುಡ್ಬಾರ್ದು ಅಷ್ಟೇಯ. ತೆಗೀರಿ ತೆಗೀರಿ ಅಂತಿದ್ರಲ್ಲ ಎಲ್ರೂ" ಎಂದರು. ಬುಧವಾರದ ಬೆಳಗಿನ ಬಸ್ಸಿಗೆ ಬಂದರು.

ಸೆಂಟರಿನ ಹುಡುಗಿ ಮ್ಯಾಗ್ನೆಟ್ ತಂದಾಗ ಅತ್ತೆಯವರು, "ನಂಗೇ ಕೊಡವ್ವ" ಎಂದು ಇಸಿದುಕೊಂಡು, ಕಣ್ಣು ಮುಚ್ಚಿ ತಾವೇ ತೋಳಿನ ಗಂಟಿನ ಹತ್ತಿರ ಹಿಡಿದರು. ಎಳೆಯಲಿಲ್ಲ. ಪಿನ್ನುಗಳನ್ನು ನನ್ನ ಹೆಂಡತಿ ಆಗಲೇ ತೆಗೆಸಿದ್ದಳು. ಅತ್ತೆಯವರಿಗೆ ಹೆದರಿಕೆಯಾಗಬಾರದೆಂದು ಜೊತೆಗೆ ನಾನು ಒಳಗೆ ಇರುತ್ತೇನೆ ಎಂದೆ. ಅದಕ್ಕೆ ಆ ಹುಡುಗಿ ನನ್ನ ಕೆಲಸ ಏನೆಂದು ಕೇಳಿದಳು. ಅತ್ತೆಯವರ ಎದುರು ಹೋದ ಮಾನ ಸ್ವಲ್ಪ ವಾಪಸು ಬರಲೆಂದು ವಿವರವಾಗಿಯೇ ಹೇಳಿದೆ: ನಿಕ್ಕಲ್, ಕೋಬಾಲ್ಟ್, ಮೊದಲ ವರ್ಷಗಳಲ್ಲಿ ಲೋಹ ಉಜ್ಜುವ ಗ್ರೈಂಡಿಂಗ್ ಕೂಡ.

"ಗ್ರೈಂಡಿಂಗಾ? ಕಣ್ಣಿಗೆ ಯಾವಾಗ್ಲಾದ್ರೂ ಚೂರು ಹೋಗಿತ್ತಾ?"

"ಒಂದೆರಡು ಸಲ."

"ಹಾಗಾದ್ರೆ ನೀವು ಹೊರಗೇ ಇರಿ ಸಾರ್. ಕಣ್ಣೊಳಗೆ ಏನಾದ್ರೂ ಉಳಿದಿದ್ರೆ ಕಷ್ಟ. ಮೇಡಂ ಬರ್ಲಿ."

ಇಡೀ ಕುಟುಂಬದಲ್ಲಿ ಆ ಕೋಣೆಗೆ ಅಪಾಯವಾಗಬಹುದಾದವನು ನಾನೊಬ್ಬನೇ ಎಂದು ಹೀಗೆ ಗೊತ್ತಾಯಿತು. ಅದೊಂದು ನನ್ನ ಚಿಂತೆಯಲ್ಲಿ ಬಂದೇ ಇರಲಿಲ್ಲ. ಹೆಂಡತಿ ಒಳಗೆ ಹೋದಳು. ನಾನು ಹೊರಗೆ ಕುರ್ಚಿಯ ಮೇಲೆ ಕೂತು ಗೋಡೆಯಾಚೆಯ ಸದ್ದು ಕೇಳುತ್ತಿದ್ದೆ, ಬಾಯ್ಲರಿಗೆ ಯಾರೋ ಸುತ್ತಿಗೆಯಲ್ಲಿ ಬಡಿಯುವ ಹಾಗೆ.

ಮುಂದಿನದನ್ನು ಈಗಲೇ ಹೇಳಿಬಿಡುತ್ತೇನೆ. ನರ ಎಲ್ಲಿ ಒತ್ತಿದೆ ಎಂದು ಆ ಚಿತ್ರದಲ್ಲಿ ಕಂಡಿತು. ಆಪರೇಷನ್ ಬೇಕಾಗಲಿಲ್ಲ, ಕತ್ತಿಗೆ ಪಟ್ಟಿ, ಮಾತ್ರೆ, ವ್ಯಾಯಾಮ. ಬೆರಳಿಗೆ ನಿಧಾನವಾಗಿ ಸ್ಪರ್ಶ ಮರಳಿತು. ಈಗ ಅತ್ತೆಯವರ ಎಡಗೈ ಅಲುಗದೆ ನಿಲ್ಲುತ್ತದೆ, ಹೂವು ಅವರೇ ಏರಿಸುತ್ತಾರೆ. ಕರೆಂಟು ಹೋಗಲಿಲ್ಲ, ಪ್ಲೇಟು ಬಿಸಿಯಾಗಲಿಲ್ಲ, ಒಂದು ಸ್ಕ್ರೂವೂ ತಿರುಗಲಿಲ್ಲ.

ಆದರೆ ಅವತ್ತು, ಸದ್ದು ಇದ್ದಕ್ಕಿದ್ದ ಹಾಗೆ ನಿಂತು ಬಾಗಿಲು ತೆರೆಯಿತು. ಆ ಹುಡುಗಿ ಹೊರಗೆ ಬಂದು ನೇರ ನನ್ನ ಹತ್ತಿರ ನಡೆದಳು.

"ಸಾರ್, ಒಂದು ಪ್ರಾಬ್ಲಂ ಆಗಿದೆ."

ನಾನು ಎದ್ದೆ. ಎದ್ದೆನೋ, ಕಾಲು ತಾನಾಗಿ ಎದ್ದಿತೋ. "ಪ್ಲೇಟಾ?"

"ಯಾವ ಪ್ಲೇಟು? ಅಲ್ಲ ಸಾರ್. ಅಮ್ಮ ಒಳಗೆ ಮಾತಾಡ್ತಿದಾರೆ. ಗಂಟಲು ಅಲುಗಾಡಿ ಚಿತ್ರ ಮಸುಕಾಗಿದೆ. ಸುಮ್ನಿರೋಕ್ ಹೇಳಿ ಅಂದ್ರೆ ಮೇಡಂ ನಗ್ತಾ ಇದಾರೆ. ನೀವಾದ್ರೂ ಮೈಕಲ್ಲಿ ಹೇಳ್ತೀರಾ?"

ಹೊರಗಿನ ಕೋಣೆಯಲ್ಲಿ ಗಾಜಿನ ಮುಂದೆ ಮೈಕು ಇತ್ತು. "ಅತ್ತೆ, ಮಾತಾಡ್ಬೇಡಿ" ಎಂದೆ.

ಯಂತ್ರದ ಒಳಗಿನಿಂದ ಉತ್ತರ ಬಂತು. "ಮಾತಾಡಾಕೆ ಇಲ್ಲಿ ಯಾರವ್ರೆ? ಓಂ ನಮಃ ಶಿವಾಯ ಅಂತಿದ್ದೆ."

"ಮನಸ್ಸಲ್ಲೇ ಅಂದ್ಕೊಳಿ ಅಮ್ಮ" ಎಂದಳು ಹುಡುಗಿ.

"ಮನ್ಸಲ್ಲೇ ಅಂತಿದ್ದೆ ಕಣವ್ವ. ನಿಮ್ ಮಿಷನ್ನು ಆ ಪಾಟಿ ಗಲಾಟೆ ಮಾಡ್ತು. ಅದ್ರ ಮೇಲೆ ಶಿವನ್ಗೆ ಕೇಳಿಸ್ಬೇಡ್ವಾ?"

ಆ ಒಂದು ಚಿತ್ರವನ್ನು ಮತ್ತೆ ತೆಗೆದರು.